ಹತ್ತನೆಯ ಅಂಗಿಯ ಬಾಲ

ವರ್ಲಿನ್ ಝಾಸ್ಟ್ರೋ ಒಂದು ಚೂರು ಚೀಸನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದನೆಂದರೆ, ಅದು ಎಷ್ಟು ತಿಂಗಳ ಹಿಂದೆ ಹೆಪ್ಪುಗಟ್ಟಿದ್ದು, ಆ ವಾರ ಹಸುಗಳು ಹಸಿಹುಲ್ಲು ಮೇದಿದ್ದವೋ ಒಣಹುಲ್ಲೋ, ಕಾರ್ಖಾನೆಯ ಆಳುಗಳು ತಣ್ಣನೆಯ ಕೋಣೆಯ ಬಾಗಿಲನ್ನು ಎಷ್ಟು ಹೊತ್ತು ತೆರೆದಿಟ್ಟು ಹರಟೆ ಹೊಡೆದಿದ್ದರು ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದ. ಟಾಮರಾಕ್ ಊರಿನ ಚೀಸ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ದರ್ಜೆ ಕಟ್ಟುವ ಕೆಲಸ ಅವನದು. ವಿಸ್ಕಾನ್ಸಿನ್ ಸರ್ಕಾರ ಕೊಟ್ಟ ಪರವಾನಗಿಗೆ ಗಾಜಿನ ಕಟ್ಟು ಹಾಕಿಸಿ, ಬೇರೆಯವರು ಏಸುವಿನ ಪಟ ಹಾಕುವ ಗೋಡೆಯ ಮೇಲೆ ತೂಗುಹಾಕಿದ್ದ. ಏಸುವೂ ಇದ್ದ, ಪಕ್ಕದಲ್ಲಿ, ಸ್ವಲ್ಪ ಕೆಳಗೆ.

ಇಂಥ ವಿದ್ಯೆ ಒಲಿದವನು ಚೀಸಿಗೇ ನಿಲ್ಲುವುದಿಲ್ಲ. ಪಾದ್ರಿಯ ಪ್ರವಚನಕ್ಕೆ ಎಂಬತ್ತೆರಡು, ರಸ್ತೆಯ ಹಿಮ ಗೋರಿದವರಿಗೆ ಅರವತ್ತು, ಹೆಂಡತಿ ಆರ್ಲಿಸ್ ಮಾಡಿದ ಸೇಬಿನ ಪೈಗೆ "ತೊಂಬತ್ತೈದು, ಅಂಚು ಒಂಚೂರು ಸೀದಿದೆ" ಎಂದು ಕಂಡದ್ದಕ್ಕೆಲ್ಲ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದ. ಅವನಿಗೇ ಅಂಕ ಕೊಡುವವರು ವರ್ಷಕ್ಕೊಮ್ಮೆ ಮಾತ್ರ ಸಿಗುತ್ತಿದ್ದರು. ಅದು ನವೆಂಬರಿನಲ್ಲಿ, ರಾಡ್ಕೆಯವರ ಬೇಟೆಯ ಬಿಡಾರದಲ್ಲಿ.

ರಾಡ್ಕೆ ಎಂದರೆ ಆರ್ಲಿಸಳ ತವರು. ಊರಿನಿಂದ ಹನ್ನೆರಡು ಮೈಲಿ ಬಡಗಲಿಗೆ, ಸೀಡರ್ ಮರಗಳ ಜವುಗಿನ ಪಕ್ಕದಲ್ಲಿ ಅವರದೊಂದು ಮರದ ಬಿಡಾರ. ಆರು ಮಂಚ, ಒಂದು ಸೌದೆ ಒಲೆ, ಹಿತ್ತಲಲ್ಲೊಂದು ಕಕ್ಕಸು. ವರ್ಷದಲ್ಲಿ ಒಂಬತ್ತು ದಿನ ಜಿಂಕೆ ಹೊಡೆಯಲು ಅಪ್ಪಣೆ. ಆ ಒಂಬತ್ತು ದಿನ ಇಡೀ ಸೀಮೆಯ ಗಂಡಸರು ಕಿತ್ತಳೆ ಬಣ್ಣದ ಕೋಟು ತೊಟ್ಟು ಕಾಡಿನಲ್ಲಿರುತ್ತಾರೆ, ಹೆಂಗಸರು ಊರಿನಲ್ಲಿ ನೆಮ್ಮದಿಯಾಗಿರುತ್ತಾರೆ. ಬಿಡಾರದ ಯಜಮಾನ ಆರ್ಲಿಸಳ ಅಪ್ಪ ಎಲ್‌ರಾಯ್, ಎಂಬತ್ತನಾಲ್ಕರ ಮುದುಕ. ಅವನು ಕೂರುವ ಜಾಗದ ಮೇಲೆ ಗೋಡೆಗೆ ಹೊಡೆದ ಮೊಳೆಗೆ ಕುರಿ ಉಣ್ಣೆ ಕತ್ತರಿಸುವಷ್ಟು ದೊಡ್ಡ ಕತ್ತರಿಯೊಂದು ಸದಾ ತೂಗುತ್ತಿತ್ತು.

ಆ ಕತ್ತರಿಯ ಕೆಲಸ ಇಷ್ಟೆ. ಜಿಂಕೆಗೆ ಈಡು ಹೊಡೆದು ಗುರಿ ತಪ್ಪಿದವನ ಅಂಗಿಯ ಹಿಂಬದಿಯ ಬಾಲವನ್ನು ಕತ್ತರಿಸಿ, ಹೆಸರು, ಇಸವಿ ಬರೆದು ಗೋಡೆಗೆ ಹೊಡೆಯುವುದು. ಮೊದಲ ದಿನ ಹಳೆಯ ಅಂಗಿ ತೊಟ್ಟು ಬರುವಂತಿಲ್ಲ. "ಹಳೇ ಅಂಗಿ ಹಾಕ್ಕೊಂಡು ಬಂದೋನು ತಪ್ಪೋದಕ್ಕೇ ಬಂದೋನು" ಎನ್ನುವುದು ಎಲ್‌ರಾಯ್ ಶಾಸನ. ಐವತ್ತು ವರ್ಷದಲ್ಲಿ ಗೋಡೆಗೆ ಏರಿದ ಬಾಲಗಳು ಮೂವತ್ತೊಂದು. ಅವುಗಳಲ್ಲಿ ಒಂಬತ್ತು ವರ್ಲಿನನವು. ಆ ಒಂಬತ್ತು ಅಂಗಿಗಳನ್ನೂ ಹೊಲಿದವಳು ಆರ್ಲಿಸ್. ಕೆಂಪು ಚೌಕಳಿ, ನೀಲಿ ಚೌಕಳಿ, ಸಾಸಿವೆ ಬಣ್ಣದ್ದು. "ನಮ್ಮನೆ ಕಿಟಕಿಗಿಲ್ಲದಷ್ಟು ಬಟ್ಟೆ ನಮ್ಮಪ್ಪನ ಗೋಡೆ ಮೇಲಿದೆ" ಎಂದು ಅವಳು ಇಗರ್ಜಿಯ ಹೆಂಗಸರ ಮುಂದೆ ಹೇಳುತ್ತಿದ್ದಳು.

ಬಾಗಿಲ ಹಿಂದಿನ ರಟ್ಟಿನ ಮೇಲೆ ಎಲ್‌ರಾಯ್ ಯಾವುದೋ ಕಾಲದಲ್ಲಿ ಬರೆದಿಟ್ಟ ಕಾನೂನುಗಳಿದ್ದವು. ಅದರ ಕೊನೆಯ ಸಾಲು: ಹತ್ತು ಬಾಲ ಕಳೆದುಕೊಂಡವನು ಅಟ್ಟಣೆ ಬಿಟ್ಟು ಒಲೆ ಹಿಡಿಯತಕ್ಕದ್ದು. ಬರೆದಾಗ ಅದು ತಮಾಷೆ. ಹತ್ತು ಸಲ ತಪ್ಪುವವನು ಭೂಮಿಯ ಮೇಲೆ ಹುಟ್ಟಿಯಾನೇ ಎಂದು ಎಲ್ಲರೂ ನಕ್ಕಿದ್ದರು. ಕಳೆದ ನವೆಂಬರಿನಲ್ಲಿ ಒಂಬತ್ತನೆಯ ಬಾಲಕ್ಕೆ ಮೊಳೆ ಹೊಡೆಯುತ್ತ ಆರ್ಲಿಸಳ ಅಣ್ಣ ಮೈರನ್ ಆ ಸಾಲನ್ನು ಗಟ್ಟಿಯಾಗಿ ಓದಿದಾಗ ಯಾರೂ ನಗಲಿಲ್ಲ.

"ಇನ್ನೊಂದು ಬಾಲ, ಆಮೇಲೆ ನೀನು ಆಲೂಗಡ್ಡೆ ಸುಲಿ. ಮಿಲ್ವಾಕಿಯಲ್ಲಿ ನನ್ನ ಸ್ನೇಹಿತ ಒಬ್ಬ ಇದಾನೆ, ನಿನ್ನ ಅಟ್ಟಣೆಗೆ ಕಾಯ್ತಾ ಇದಾನೆ. ಅವನ ಕೋವಿ ನೋಡಬೇಕು ನೀನು. ನಿನ್ನ ಕಾರಿಗಿಂತ ದುಬಾರಿ," ಎಂದ ಮೈರನ್.

ವರ್ಲಿನ್ ಆ ಮಾತಿಗೆ ನಕ್ಕ. ಆದರೆ ಆ ರಾತ್ರಿ ರಟ್ಟಿನ ಆ ಸಾಲನ್ನು ತಾನೂ ಒಮ್ಮೆ ಓದಿಕೊಂಡ.

ಆ ಅಟ್ಟಣೆಯನ್ನು ಇಪ್ಪತ್ತೊಂದು ವರ್ಷದ ಹಿಂದೆ ತಾನೇ ಕಟ್ಟಿದ್ದು. ಜವುಗಿನ ಅಂಚಿನ ಬರ್ಚ್ ಮರಕ್ಕೆ ಹತ್ತು ಅಡಿ ಎತ್ತರದಲ್ಲಿ ನಾಲ್ಕು ಹಲಗೆ, ಒಂದು ಒರಗು. ಬೆಳಗಿನ ಜಾವ ಅಲ್ಲಿ ಹತ್ತಿ ಕುಳಿತರೆ ಮೊದಲು ಮರಗಳ ತುದಿ ಬೂದಾಗುತ್ತಿತ್ತು, ಆಮೇಲೆ ಕಪ್ಪು ಟೊಪ್ಪಿಯ ಚಿಕಡೀ ಹಕ್ಕಿಗಳು ಬಂದು, ಇವನನ್ನು ಕೊಂಬೆಯೆಂದೇ ತಿಳಿದು ಕೋವಿಯ ನಳಿಗೆಯ ಮೇಲೆ ಕೂರುತ್ತಿದ್ದವು. ಆ ಎರಡು ಗಂಟೆ ಅವನು ಯಾವುದಕ್ಕೂ ಅಂಕ ಕೊಡುತ್ತಿರಲಿಲ್ಲ. ಅಂಥ ಜಾಗವನ್ನು ಬಿಟ್ಟು ಒಲೆಯ ಮುಂದೆ ಬೇಕನ್ ಎಂಬ ಹಂದಿಮಾಂಸ ಮಗುಚುತ್ತ ಕೂರುವುದು ಅವನಿಂದಾಗದ ಮಾತಾಗಿತ್ತು.

ಆಗಸ್ಟ್ ತಿಂಗಳ ಒಂದು ಸಂಜೆ ಆರ್ಲಿಸ್ ಊಟದ ಮೇಜಿನ ಮೇಲೆ ಹಸಿರು ಚೌಕಳಿಯ ಬಟ್ಟೆ ಹಾಸಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು.

"ವರ್ಲಿನ್, ಒಂದು ಮಾತು ಕೇಳ್ತೀನಿ. ಬಾಲ ಇಲ್ದೇನೇ ಹೊಲಿದುಬಿಡಲಾ? ಬಟ್ಟೆ ಉಳಿಯುತ್ತೆ."

"ತಮಾಷೆ ಸಾಕು. ಈ ಸಲ ಹೊಸ ಕೋವಿ ತಗೋತೀನಿ."

"ಈಗಿರೋದಕ್ಕೆ ಏನಾಗಿದೆ?"

"ಅದರ ಗುರಿ ಸರಿ ಇಲ್ಲ."

"ಹೌದೌದು, ಕುಣಿಯೋಕೆ ಬರ್ದೇ ಇರೋಳು ನೆಲ ಡೊಂಕು ಅಂದಳಂತೆ. ಎಷ್ಟಾಗುತ್ತೆ?"

"ವರ್ಷಕ್ಕೆ ಮೂರು ದಿನ ಹಿಡಿಯೋ ಕೋವಿಗೆ ನಾನೂರು ಡಾಲರಿಗಿಂತ ಒಂದು ಕಾಸೂ ಹೆಚ್ಚು ಕೊಡಲ್ಲ. ಆದರೆ ಶಾಸ್ತ್ರೀಯವಾಗಿ ಆರಿಸ್ತೀನಿ."

"ಶಾಸ್ತ್ರೀಯವಾಗಿ ಅಂದ್ಯಾ? ದೇವರೇ, ಕ್ರಿಸ್‌ಮಸ್ ಬರುತ್ತೆ ಹಾಗಾದ್ರೆ," ಎಂದು ಆರ್ಲಿಸ್ ಕತ್ತರಿ ಹಿಡಿದಳು. ಬಾಲವನ್ನು ಉದ್ದವಾಗಿಯೇ ಕತ್ತರಿಸಿದಳು.

ವರ್ಲಿನ್ ಒಂದು ಟಿಪ್ಪಣಿ ಪುಸ್ತಕ ಕೊಂಡ. ಕಾರ್ಖಾನೆಯ ಅಭ್ಯಾಸದಂತೆ ಪುಟಕ್ಕೆ ಐದು ಕಾಲಂ ಹಾಕಿದ. ನೋಟ, ಮೈಕಟ್ಟು, ತೂಕ, ವಾಸನೆ, ಮುಕ್ತಾಯ. ಕೋವಿಗೆ ವಾಸನೆ ಯಾಕೆ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಯಾರಿಗೂ ಆ ಪುಸ್ತಕವನ್ನು ಅವನು ತೋರಿಸಲಿಲ್ಲ. ಶುಕ್ರವಾರದ ರಾತ್ರಿ ಊರಿಗೆ ಊರೇ ಕರಿದ ಮೀನು ತಿನ್ನಲು ಸೇರುವ ಹೋಟೆಲಿನಲ್ಲಿ ಕುಳಿತು ಸುಮ್ಮನೆ ಒಂದು ಪ್ರಶ್ನೆ ಎಸೆದ: "ಜಿಂಕೆಗೆ ಯಾವ ಕಾಡತೂಸು ಒಳ್ಳೇದು?"

ಆ ಪ್ರಶ್ನೆಯನ್ನು ನಮ್ಮ ಕಡೆ ತುಂಬಿದ ಹೋಟೆಲಿನಲ್ಲಿ ಕೇಳಬಾರದು. ಮದುವೆ ಸಂಬಂಧವನ್ನಾದರೂ ಮುರಿದಾರು, ಅಪ್ಪ ಹೊಡೆಯುತ್ತಿದ್ದ ಕಾಡತೂಸನ್ನು ಬಿಟ್ಟುಕೊಡಲಾರರು. ಥರ್ಟಿ-ಆಟ್-ಸಿಕ್ಸ್ ಎಂಬ ಕಾಡತೂಸಿನ ಪಂಗಡದವರು ಥರ್ಟಿ-ಥರ್ಟಿಯವರನ್ನು ಮುದುಕರು ಎಂದರು. ಥರ್ಟಿ-ಥರ್ಟಿಯವರು ಟೂ-ಸೆವೆಂಟಿಯವರನ್ನು ನಿನ್ನೆ ಬಂದವರು ಎಂದರು. ಮೀನು ತಣ್ಣಗಾಯಿತು. ಕೊನೆಗೆ ಮೈರನ್ ಬಿಯರಿನ ಲೋಟ ಕೆಳಗಿಟ್ಟು, ತೀರ್ಪು ಕೊಡುವವನಂತೆ ಗಂಟಲು ಸರಿಮಾಡಿಕೊಂಡ. ಅವನು ಟ್ರ್ಯಾಕ್ಟರ್ ಮಾರುವವನು. ದೊಡ್ಡದೇ ಒಳ್ಳೆಯದು ಎನ್ನುವುದು ಅವನ ಹೊಟ್ಟೆಪಾಡು, ಧರ್ಮ ಎರಡೂ.

"ನಿನ್ನ ಹತ್ರ ಇರೋದು ಮ್ಯಾಗ್ನಮ್ಮು, ಎಲ್ಲಕ್ಕಿಂತ ಜೋರಾದ ಮದ್ದಿನ ಕೋವಿ. ನಾನೇ ನಿನಗೆ ಅಗ್ಗಕ್ಕೆ ಕೊಟ್ಟಿದ್ದು. ಐನೂರು ಗಜದಲ್ಲಿ ಕುದುರೆಯಷ್ಟು ದೊಡ್ಡ ಎಲ್ಕ್ ಜಿಂಕೇನೇ ಮಲಗಿಸುತ್ತೆ. ಅದರಲ್ಲೇ ಹೊಡೆಯಕ್ಕಾಗ್ದೋನು ಯಾವುದರಲ್ಲಿ ಹೊಡೀತೀಯಾ?"

"ನಮ್ಮ ಕಾಡಲ್ಲಿ ಐನೂರು ಗಜ ಎಲ್ಲಿ ಕಾಣುತ್ತೆ ಮೈರನ್? ಎಂಬತ್ತು ಗಜಕ್ಕೆ ಮರ ಅಡ್ಡ."

"ಅದು ಮರದ ತಪ್ಪು," ಎಂದ ಮೈರನ್.

ಮೂರು ವಾರದಲ್ಲಿ ವರ್ಲಿನ್ ನಾಲ್ಕು ಅಂಗಡಿ ಸುತ್ತಿ ಹದಿನೇಳು ಕೋವಿಗಳಿಗೆ ಅಂಕ ಕೊಟ್ಟ. ಒಂದೆರಡು ಕಡೆ ಕೋವಿಯ ಮರದ ಬುಡವನ್ನು ಮೂಸುತ್ತಿರುವಾಗ ಅಂಗಡಿಯವರು ದೂರ ಸರಿದು ನಿಂತರು. ಎಂಬತ್ತೆಂಟು ದಾಟಿದ್ದು ಒಂದೂ ಇಲ್ಲ. ಕಡೆಗೆ ಯಾರೋ ಹೇಳಿದರೆಂದು, ಅದಲುಬದಲಿಗೆ ಇರಲಿ ಎಂದು ಮ್ಯಾಗ್ನಮ್ಮನ್ನೂ ಹೊತ್ತುಕೊಂಡು, ಐಯೋನ್ ಪೇಗಲ್ ಅಂಗಡಿಗೆ ಹೋದ. ಅಂಗಡಿಯೆಂದರೆ ಅವಳ ಮನೆಯ ಹಿಂದಿನ ಹಳೆಯ ಹಾಲಿನ ಕೋಣೆ. ಕೋವಿ ರಿಪೇರಿಯಲ್ಲಿ ಅವಳಿಗೆ ನಲವತ್ತು ವರ್ಷದ ಅನುಭವ. ವಯಸ್ಸು ಎಪ್ಪತ್ತರ ಮೇಲೆ. ಕೈಯಲ್ಲಿ ಸದಾ ಒಂದು ಎಣ್ಣೆ ಬಟ್ಟೆ.

ವರ್ಲಿನ್ ಪುಸ್ತಕ ಬಿಚ್ಚಿ, ತನ್ನ ನಾನೂರು ಡಾಲರಿನ ಮಿತಿ, ಕಾಡತೂಸಿನ ವೇಗ, ಗುಂಡಿನ ತೂಕ, ಇನ್ನೂರು ಗಜಕ್ಕೆ ಗುಂಡು ಎಷ್ಟು ಅಂಗುಲ ಇಳಿಯುತ್ತದೆ ಎಂಬುದನ್ನೆಲ್ಲ ಓದತೊಡಗಿದ. ಐಯೋನ್ ಕೇಳುವಷ್ಟು ಕೇಳಿದಳು.

"ವರ್ಷಕ್ಕೆ ಎಷ್ಟು ಈಡು ಹೊಡೀತೀಯಪ್ಪಾ?"

"ಒಂದು."

"ಒಂದೇ? ಅಭ್ಯಾಸಕ್ಕೆ?"

"ಮ್ಯಾಗ್ನಮ್ಮಿನ ಕಾಡತೂಸು ಒಂದೊಂದೂ ಒಂದೊಂದು ಊಟದ ಬೆಲೆ, ಐಯೋನ್. ಅಭ್ಯಾಸಕ್ಕೆ ಯಾರು ಸುಡ್ತಾರೆ? ಅಲ್ಲದೆ..." ಎಂದು ಅವನು ಬಲಭುಜವನ್ನು ಸವರಿಕೊಂಡ.

"ಅಲ್ಲದೆ ಒದೆಯುತ್ತೆ."

"ಒಂಚೂರು."

"ಬಾ, ಹಿತ್ತಲಿಗೆ ಹೋಗೋಣ."

ಹಿತ್ತಲೆಂದರೆ ಜಲ್ಲಿ ಅಗೆದು ಬಿಟ್ಟ ಹಳ್ಳ. ಆಚೆ ದಡದಲ್ಲಿ ಕಾಗದದ ಊಟದ ತಟ್ಟೆಯೊಂದನ್ನು ಕಡ್ಡಿಗೆ ಸಿಕ್ಕಿಸಿದ್ದಳು. ಅವಳು ಬೆನ್ನು ತಿರುಗಿಸಿ ನಿಂತು ಮ್ಯಾಗ್ನಮ್ಮಿಗೆ ಕಾಡತೂಸು ತುಂಬಿ ಇವನ ಕೈಗೆ ಕೊಟ್ಟಳು. ವರ್ಲಿನ್ ಮೇಜಿಗೆ ಒರಗಿ, ಉಸಿರು ಹಿಡಿದು ಕೋವಿಯ ಕುದುರೆ ಎಳೆದ. ಹಳ್ಳವೆಲ್ಲ ಗುಡುಗಿತು. ತಟ್ಟೆಯಿಂದ ಎರಡು ಮಾರು ಆಚೆ ಜಲ್ಲಿ ಹಾರಿತು.

"ನೋಡಿದ್ರಾ? ಈ ಕೋವಿ ಗುರಿನೇ ಸರಿ ಇಲ್ಲ."

"ಇನ್ನೊಂದು," ಎಂದಳು ಐಯೋನ್.

ವರ್ಲಿನ್ ಮತ್ತೆ ಗುರಿ ಹಿಡಿದ. ಕುದುರೆ ಎಳೆದ. ಟಿಕ್ ಎಂದಿತು, ಅಷ್ಟೆ. ಗುಂಡೂ ಇಲ್ಲ, ಗುಡುಗೂ ಇಲ್ಲ. ಒದೆಯಬೇಕಾದ ಕೋವಿ ಸುಮ್ಮನೆ ಬಿದ್ದಿತ್ತು. ಒದೆತ ತಿನ್ನಬೇಕಾದವನು ಮಾತ್ರ ಹಲ್ಲು ಕಚ್ಚಿ, ಭುಜ ಕುಗ್ಗಿಸಿ, ನಳಿಗೆಯನ್ನು ಒಂದು ಗೇಣು ಕೆಳಕ್ಕೆ ಒತ್ತಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಹಾಗೇ ಕುಳಿತಿದ್ದ. ಹಳ್ಳದ ಆಚೆ ಒಂದು ಕಾಗೆ ಕೂಗಿತು.

"ಮದ್ದಿಲ್ಲದ ಖೋಟಾ ಕಾಡತೂಸು ಅದು," ಎಂದಳು ಐಯೋನ್ ಮೆಲ್ಲಗೆ. "ಈಗ ಕಣ್ಣು ಬಿಡಬಹುದು."

ವರ್ಲಿನ್ ಕಣ್ಣು ಬಿಟ್ಟ.

"ಈ ಕೋವಿ ಬಂದು ಎಷ್ಟು ವರ್ಷ ಆಯ್ತು?"

"ಒಂಬತ್ತು."

"ಎಲ್‌ರಾಯ್ ಗೋಡೆಗೆ ನಿನ್ನ ಬಾಲ ಎಷ್ಟು ಹೋಗಿವೆ?"

ಇಪ್ಪತ್ತೆಂಟು ವರ್ಷ ಚೀಸಿನ ಹುಳುಕನ್ನು ಮೂರು ಅಡಿ ದೂರದಿಂದಲೇ ಹಿಡಿದವನಿಗೆ ಈ ಎರಡು ಒಂಬತ್ತುಗಳು ಪಕ್ಕಪಕ್ಕದಲ್ಲಿ ಕೂತದ್ದು ಕಂಡಿರಲಿಲ್ಲ. ಅದಕ್ಕೆ ಮುಂಚೆ ಚಿಕ್ಕಪ್ಪನ ಮುರುಕು ಕೋವಿಯಲ್ಲಿ ಅವನು ಆರು ಜಿಂಕೆ ಹೊಡೆದಿದ್ದ. "ನಾನು ಕನ್ನಡಕದ ನಂಬರು ಅಂದ್ಕೊಂಡಿದ್ದೆ," ಎಂದ. "ಎರಡು ಸಲ ಬದಲಾಯಿಸಿದೆ."

"ಕಣ್ಣು ಮುಚ್ಚೋನಿಗೆ ಕನ್ನಡಕ ಏನು ಮಾಡುತ್ತಪ್ಪಾ? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟರೆ ಹೀಗೇ. ಗುಬ್ಬಿ ಹಾರಿಹೋಗುತ್ತೆ, ಬಿಟ್ಟೋನು ಬೀಳ್ತಾನೆ."

ಒಳಗೆ ಹೋಗಿ ಅವಳು ಮೂಲೆಯಿಂದ ಒಂದು ಕೋವಿ ತಂದಳು. ಸಾದಾ ಕೋವಿ. ಮರಕ್ಕೆ ಅಲ್ಲಲ್ಲಿ ಗೀರು, ನಳಿಗೆಯ ನೀಲಿ ಮಾಸಿದೆ, ಬುಡವನ್ನು ಒಂದು ಅಂಗುಲ ಕುಯ್ದು ಗಿಡ್ಡ ಮಾಡಿದೆ. "ಟೂ-ಫಾರ್ಟಿ-ತ್ರೀ. ಗುಂಡು ಪೆನ್ಸಿಲಿನ ದಪ್ಪ. ಒದೆಯಲ್ಲ, ತಳ್ಳುತ್ತೆ. ನಮ್ಮ ಕಡೆ ಜಿಂಕೆಗೆ, ನಮ್ಮ ಕಾಡಿನ ದೂರಕ್ಕೆ, ಇದು ಬೇಕಾದಷ್ಟಾಯ್ತು, ಇಟ್ಟ ಕಡೆ ಬಿದ್ದರೆ. ಇಟ್ಟ ಕಡೆ ಬೀಳದಿದ್ರೆ ಯಾವುದೂ ಸಾಲಲ್ಲ. ಕಾಡತೂಸು ಅಗ್ಗ, ಯಾವ ಅಂಗಡಿಲೂ ಸಿಗುತ್ತೆ. ಕೋವಿಗೆ ಮುನ್ನೂರು. ಉಳಿದ ನೂರಕ್ಕೆ ಕಾಡತೂಸು ತಗೊಂಡು ಇದೇ ಹಳ್ಳದಲ್ಲಿ ಸುಡು. ನಿನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ, ಅಲ್ವಾ?"

ಇರಲಿಲ್ಲ. ವರ್ಲಿನ್ ಕೋವಿಯನ್ನು ಭುಜಕ್ಕೆ ಏರಿಸಿದ. ಅವನ ಕೈಗಳು ಮೊದಲೇ ಗಿಡ್ಡ. ಬುಡ ಬಂದು ಭುಜದ ಗುಳಿಯಲ್ಲಿ ಕೂತಿತು. ಕೆನ್ನೆ ತಾನಾಗಿ ಮರಕ್ಕೆ ಒರಗಿತು. ನಳಿಗೆಯ ಮೇಲಿನ ದುರ್ಬೀನಿನಲ್ಲಿ ತಟ್ಟೆ ತಾನಾಗಿ ಬಂದು ನಿಂತಿತು. ಮೂಸಿ ನೋಡಿದ. ಎಣ್ಣೆ, ಅದರ ಹಿಂದೆ ಸಣ್ಣಗೆ ದಾಲ್ಚಿನ್ನಿ.

"ಇದು ಯಾರದು?"

"ನಮ್ಮಕ್ಕ ಲೋಯಿಸಳದು. ಪಾಪ, ಮೂರು ವರ್ಷ ಆಯ್ತು ಹೋಗಿ. ಇದರಲ್ಲಿ ಹದಿನೇಳು ಜಿಂಕೆ ಹೊಡೆದಿದ್ದಳು, ಹದಿನೆಂಟು ಗುಂಡಿಗೆ."

ಆಗ ವರ್ಲಿನ್ ಹೆಗಲಿಗೆ ಹಾಕುವ ಪಟ್ಟಿಯನ್ನು ನೋಡಿದ. ಅದರ ಉದ್ದಕ್ಕೂ ಹಳದಿ ನೂಲಿನಲ್ಲಿ ಸೂರ್ಯಕಾಂತಿ ಹೂಗಳನ್ನು ಕಸೂತಿ ಹಾಕಿತ್ತು. ದೊಡ್ಡದಾಗಿ ಐದು ಹೂವು, ನಡುವೆ ಎಲೆ, ಒಂದು ದುಂಬಿ.

"ಪಟ್ಟಿ ನಾನು ಬೇರೆ ಹಾಕ್ಕೋತೀನಿ ಐಯೋನ್."

"ಪಟ್ಟಿ ಬಿಚ್ಚೋದಾದ್ರೆ ಕೋವಿ ಕೊಡಲ್ಲ."

"ಬಿಡಾರದಲ್ಲಿ ಮೈರನ್ ಇರ್ತಾನೆ."

"ಗೊತ್ತು. ಲೋಯಿಸಳನ್ನ ನೋಡಿ ಅವನೂ ನಗ್ತಾ ಇದ್ದ."

ಅಕ್ಟೋಬರ್ ತಿಂಗಳ ಪ್ರತಿ ಶನಿವಾರ ವರ್ಲಿನ್ ಜಲ್ಲಿ ಹಳ್ಳದಲ್ಲಿದ್ದ. ಐಯೋನ್ ಪಕ್ಕದಲ್ಲಿ ಕುಳಿತು ಕಾಡತೂಸಿನ ನಡುನಡುವೆ ಖೋಟಾ ಸೇರಿಸಿ ಕೊಡುತ್ತಿದ್ದಳು. ಕಣ್ಣು ಮುಚ್ಚಿದನೆಂದರೆ ಎಣ್ಣೆ ಬಟ್ಟೆಯಿಂದ ಬೆನ್ನಿಗೆ ಒಂದು ಬಿಗಿಯುತ್ತಿದ್ದಳು. ಮೊದಲನೆಯ ವಾರ ಬಟ್ಟೆಗೆ ಬಿಡುವಿರಲಿಲ್ಲ. ಮೂರನೆಯ ವಾರ ಎರಡೇ ಏಟು. ಕೊನೆಯ ವಾರ ತಟ್ಟೆಯ ನಡುವೆ ಐದು ತೂತು, ಎಲ್ಲವೂ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ. ವರ್ಲಿನ್ ಆ ತಟ್ಟೆಯನ್ನು ಮನೆಗೆ ತಂದು ಪರವಾನಗಿಯ ಪಕ್ಕ ಹಿಡಿದು ನೋಡಿದ. ಆರ್ಲಿಸ್ "ಏಸುವನ್ನ ಇನ್ನೂ ಕೆಳಕ್ಕೆ ಇಳಿಸ್ತೀಯೇನೋ?" ಎಂದದ್ದಕ್ಕೆ ತಟ್ಟೆಯನ್ನು ಬೀರುವಿನಲ್ಲಿ ಇಟ್ಟ.

ಬೇಟೆಯ ಹಿಂದಿನ ಸಂಜೆ ಬಿಡಾರದೊಳಗೆ ಬರುವಾಗ ಅವನು ಪಟ್ಟಿಯನ್ನು ಒಳಹೊರಗು ಮಾಡಿ ಹೆಗಲಿಗೆ ಹಾಕಿಕೊಂಡಿದ್ದ. ಕಸೂತಿಯ ಹಿಂಬದಿಯಲ್ಲಿ ಬರೀ ನೂಲಿನ ಗಂಟು ಕಾಣುತ್ತಿತ್ತು. ಹತ್ತು ನಿಮಿಷ ಎಲ್ಲವೂ ಸುಸೂತ್ರ. ಕೋವಿಯನ್ನು ಗೋಡೆಗೆ ಒರಗಿಸುವಾಗ ಪಟ್ಟಿ ಹೊರಳಿತು.

ಮೈರನ್ ಎದ್ದು ಬಂದ. ಸೂರ್ಯಕಾಂತಿಗಳನ್ನು ನೋಡಿದ. ದುಂಬಿಯನ್ನು ನೋಡಿದ. ಕುಯ್ದ ಬುಡವನ್ನು ನೋಡಿದ. ಅವನ ಮುಖ ಹಬ್ಬದ ದಿನದಂತೆ ಬೆಳಗಿತು.

"ಅಪ್ಪಾ, ಬಂದು ನೋಡಿ. ನಿಮ್ಮ ಅಳಿಯ ಹೂ ಮಾರೋಕೆ ಬಂದಿದಾನೆ."

"ಟೂ-ಫಾರ್ಟಿ-ತ್ರೀ," ಎಂದ ವರ್ಲಿನ್ ಗಂಭೀರವಾಗಿ.

"ಅದು ಮೊದಲ ಸಲ ಬೇಟೆಗೆ ಹೋಗೋ ಮಕ್ಕಳಿಗೆ ಕೊಡೋದು ಮಾರಾಯ! ಜಿಂಕೆಗೆ ಕಚಗುಳಿ ಇಡ್ತೀಯಾ?"

ಮಂಚದ ಮೇಲಿದ್ದ ರಾಡ್ಕೆ ನೆಂಟರಿಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್‌ರಾಯ್ ಮಾತ್ರ ಕೋವಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿ, ಮತ್ತೆ ಗೋಡೆಗೆ ಒರಗಿಸಿದ. "ಇದು ನನಗೆ ಗೊತ್ತಿರೋ ಕೋವಿ," ಎಂದ. ಮೈರನ್ ಒಂಬತ್ತನೆಯ ಬಾಲದ ಪಕ್ಕ ಹೊಸ ಮೊಳೆಯೊಂದನ್ನು ಹೊಡೆದು, "ಜಾಗ ಕಾದಿರಿಸಿದೀನಿ" ಎಂದ.

ಬೆಳಗ್ಗೆ ಹಿಮ ಬಿದ್ದಿರಲಿಲ್ಲ. ಓಕ್ ಎಲೆಗಳು ಕಾಲಡಿ ಹಪ್ಪಳದಂತೆ ಮುರಿಯುತ್ತಿದ್ದವು. ಅಟ್ಟಣೆ ಏರಿ ಕುಳಿತಾಗ ವರ್ಲಿನನ ಕೋಟಿನ ಕೆಳಗೆ ಹಸಿರು ಅಂಗಿ ಹೊಸ ಬಟ್ಟೆಯ ವಾಸನೆ ಸೂಸುತ್ತಿತ್ತು. ಮರಗಳ ತುದಿ ಬೂದಾಯಿತು. ಚಿಕಡೀ ಬಂದು ನಳಿಗೆಯ ಮೇಲೆ ಕುಳಿತು, ಪಟ್ಟಿಯ ದುಂಬಿಯನ್ನು ಒಮ್ಮೆ ಕುಕ್ಕಿ ನೋಡಿ, ಹಾರಿಹೋಯಿತು. ಇದೇ ಕೊನೆಯ ಸಲವೇನೋ ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಜವುಗಿನ ಅಂಚಿನಲ್ಲಿ, ಅರವತ್ತು ಗಜದಾಚೆ, ಒಂದು ಕೊಂಬೆ ನಡೆದಾಡಿತು. ಕೊಂಬೆಯ ಕೆಳಗೆ ಎಂಟು ಕವಲಿನ ಗಂಡು ಜಿಂಕೆ.

ಕೋವಿ ಏರಿತು. ಕೆನ್ನೆ ಒರಗಿತು. ಬೆನ್ನ ಮೇಲೆ ಎಣ್ಣೆ ಬಟ್ಟೆಯ ಏಟು ಬೀಳುವುದೇನೋ ಎಂದು ಚರ್ಮ ಜುಮ್ಮೆಂದಿತು. ಕುದುರೆ ಎಳೆದ.

ಈಡು ಹೊಡೆದ ಸದ್ದು ಕೂಡ ಚಿಕ್ಕದೇ. ಜಿಂಕೆ ಒಮ್ಮೆ ಜಿಗಿದು, ಬಾಲ ಕೆಳಗೆ ಹಾಕಿ ಸೀಡರುಗಳೊಳಗೆ ಓಡಿಹೋಯಿತು.

ವರ್ಲಿನ್ ಇಳಿದು ಬಂದ. ಜಿಂಕೆ ನಿಂತಿದ್ದ ಕಡೆ ಎಲೆ ಕೆದಕಿ ನೋಡಿದ. ರಕ್ತವಿಲ್ಲ. ಅತ್ತ ಹತ್ತು ಹೆಜ್ಜೆ, ಇತ್ತ ಹತ್ತು ಹೆಜ್ಜೆ ಹಾಕಿದ. ಏನೂ ಇಲ್ಲ. ಒಂಬತ್ತು ವರ್ಷ ಬೇರೂರಿದ ಅಭ್ಯಾಸ ದೊಡ್ಡದು. ಅವನ ಕಾಲುಗಳು ತಾವಾಗಿ ಬಿಡಾರದ ದಾರಿ ಹಿಡಿದವು. ದಾರಿಯಲ್ಲಿ ಕೈಗಳು ತಾವಾಗಿ ಕೋಟಿನ ಗುಂಡಿ ಬಿಚ್ಚಿ, ಅಂಗಿಯ ಬಾಲವನ್ನು ಪ್ಯಾಂಟಿನಿಂದ ಹೊರಕ್ಕೆ ಎಳೆದವು. ಈಡಿನ ಸದ್ದು ಕೇಳಿ ತನ್ನ ಅಟ್ಟಣೆ ಬಿಟ್ಟು ಬಂದಿದ್ದ ಮೈರನ್ ಬಾಗಿಲಲ್ಲೇ ನಿಂತಿದ್ದ.

"ಬಿತ್ತಾ?"

"ಓಡಿತು."

"ಓಡಿತು ಅಂದ್ರೆ ತಪ್ಪಿತು. ಬಾಲ ಆಗ್ಲೇ ಹೊರಗೆ ತೆಗೆದಿದೀಯಾ, ಒಳ್ಳೇ ಶಿಸ್ತು. ತಿರುಗು."

ಎಲ್‌ರಾಯ್ ಹಿತ್ತಲ ಕಕ್ಕಸಿನಲ್ಲಿದ್ದ. ಅವನು ಬರುವ ತನಕ ಕಾಯಬೇಕಾದದ್ದು ಪದ್ಧತಿ. ಆದರೆ ಮೈರನ್ ಹತ್ತನೆಯ ಬಾಲಕ್ಕೆ ಇಡೀ ವರ್ಷ ಕಾದವನು. ಮೊಳೆಯಿಂದ ಕತ್ತರಿ ಇಳಿಸಿ, ಹಸಿರು ಬಟ್ಟೆಯನ್ನು ಹಿಡಿದು, ಕರ್ ಎಂದು ಕತ್ತರಿ ಹಾಕಿದ. ಆರ್ಲಿಸ್ ಎರಡೆಳೆ ಹೊಲಿಗೆ ಹಾಕಿದ್ದಳು, ಕತ್ತರಿ ತಡವರಿಸಿತು. ಗೋಡೆಗೆ ಮುಖ ಮಾಡಿ ನಿಂತ ವರ್ಲಿನ್ ಆ ಸದ್ದನ್ನು ಕೇಳುತ್ತ, ಒಲೆಯನ್ನೂ ಬೇಕನ್ನನ್ನೂ ನೆನೆಯುತ್ತ, ಕೊನೆಯ ಸಲ ಎಂದು ಜಿಂಕೆಯನ್ನು ಮನಸ್ಸಿಗೆ ತಂದುಕೊಂಡ. ಅದು ಬಂತು. ಮುಂಗಾಲಿನ ಹಿಂದೆ ರೋಮ ಕಂಪಿಸಿದ್ದು, ಅಲ್ಲೊಂದು ಸಣ್ಣ ಸುಳಿ ಎದ್ದದ್ದು, ಬಾಯಿಂದ ಬಿಳಿ ಹಬೆ ಒಮ್ಮೆಗೇ ಹೊರಟದ್ದು.

"ತಡಿ," ಎಂದ.

"ಇನ್ನೇನು ತಡಿಯೋದು, ಕೈಗೆ ಬಂತು," ಎಂದು ಮೈರನ್ ಬಾಲವನ್ನು ಬಾವುಟದಂತೆ ಎತ್ತಿ ಹಿಡಿದ.

"ನಾನು ನೋಡಿದೆ. ಮೈರನ್, ನಾನು ನೋಡಿದೆ! ಈಡು ಹೊಡೀವಾಗ ಜಿಂಕೇನ ನೋಡಿದೆ!"

"ಎಲ್ಲಾರೂ ನೋಡೇ ಹೊಡೀತಾರೆ."

"ನಾನು ಒಂಬತ್ತು ವರ್ಷ ನೋಡಿಲ್ಲ. ಕಣ್ಣು ಮುಚ್ಚಿದ್ದೆ!"

ಇಷ್ಟು ದೊಡ್ಡ ಗುಟ್ಟನ್ನು ಒಬ್ಬ ಗಂಡಸು ಅಷ್ಟು ಹೆಮ್ಮೆಯಿಂದ ಕೂಗಿ ಹೇಳಿದ್ದನ್ನು ಆ ಗೋಡೆಗಳು ಕೇಳಿರಲಿಲ್ಲ. ಹಿಂಬಾಗಿಲಿನಲ್ಲಿ ಎಲ್‌ರಾಯ್, ಪ್ಯಾಂಟಿನ ಪಟ್ಟಿಗಳನ್ನು ಹೆಗಲಿಗೆ ಏರಿಸಿಕೊಳ್ಳುತ್ತ ನಿಂತಿದ್ದ.

"ಎಲ್ಲಿ ಬಿದ್ದ ಹಾಗೆ ಕಂಡಿತು?" ಎಂದು ಕೇಳಿದ.

"ಮುಂಗಾಲಿನ ಹಿಂದೆ. ನಾಲ್ಕು ಬೆರಳು ಮೇಲೆ."

"ಹೋಗುವಾಗ ಬಾಲ ಎತ್ತಿತ್ತಾ, ಇಳಿಸಿತ್ತಾ?"

"ಇಳಿಸಿತ್ತು."

"ಪೆಟ್ಟು ತಿಂದ ಜಿಂಕೇನೇ ಬಾಲ ಇಳಿಸೋದು. ಎಷ್ಟು ದೂರ ಹುಡುಕಿದೆ?"

ವರ್ಲಿನ್ ಕಾಲು ನೋಡಿಕೊಂಡ. "ಹತ್ತು ಹೆಜ್ಜೆ."

ಮುದುಕ ಮಗನ ಕಡೆ ತಿರುಗಿದ. "ಇವನು ಪೆದ್ದ, ಸರಿ. ನೀನು? ಹುಡುಕದೆ ಕತ್ತರಿ ಎತ್ತಬಾರದು ಅಂತ ರಟ್ಟಿನಲ್ಲಿ ಎಷ್ಟನೇ ಸಾಲು?"

"ಮೊದಲನೇದು, ಅಪ್ಪಾ," ಎಂದ ಮೈರನ್.

ಎಲ್ಲರೂ ಹೋದರು. ಎಲ್‌ರಾಯ್ ಕೂಡ ಊರುಗೋಲು ಹಿಡಿದು ಬಂದ. ಬಾಲವಿಲ್ಲದ ಅಂಗಿಯ ಕೆಳಗಿಂದ ನವೆಂಬರಿನ ಗಾಳಿ ವರ್ಲಿನನ ಸೊಂಟಕ್ಕೆ ನೇರವಾಗಿ ಹೊಡೆಯುತ್ತಿತ್ತು. ಅವನಿಗೆ ಅದರ ಪರಿವೆಯಿಲ್ಲ. ಇಪ್ಪತ್ತನೆಯ ಹೆಜ್ಜೆಯಲ್ಲಿ ಒಂದು ಎಲೆಯ ಮೇಲೆ ಕಡಲೆಕಾಳಿನಷ್ಟು ಕೆಂಪು. ನಲವತ್ತರಲ್ಲಿ ಅಂಗೈಯಷ್ಟು. ಎಪ್ಪತ್ತರಲ್ಲಿ, ಬಿದ್ದ ಸೀಡರಿನ ಆಚೆ, ಎಂಟು ಕವಲಿನ ಗಂಡು ಮಲಗಿತ್ತು. ಗುಂಡು ಮುಂಗಾಲಿನ ಹಿಂದೆ, ನಾಲ್ಕು ಬೆರಳು ಮೇಲೆ. ಅಲ್ಲಿ ಬಿದ್ದ ಜಿಂಕೆ ಎಪ್ಪತ್ತು ಗಜ ಓಡಿಯೇ ಓಡುತ್ತದೆ. ಊರಿನ ಮಗುವಿಗೂ ಗೊತ್ತು. ಒಂಬತ್ತು ವರ್ಷ ತಪ್ಪಿದವನಿಗೆ ಮರೆತುಹೋಗಿತ್ತು, ಅಷ್ಟೆ.

ವರ್ಲಿನ್ ಮಂಡಿಯೂರಿ ಅದರ ಕತ್ತಿನ ಮೇಲೆ ಕೈಯಿಟ್ಟ. ಆಮೇಲೆ ಮೇಲೆದ್ದು, ಹೆಗಲಿನ ಪಟ್ಟಿಯನ್ನು ತಿರುಗಿಸಿ ಸೂರ್ಯಕಾಂತಿಗಳನ್ನು ಹೊರಕ್ಕೆ ಹಾಕಿಕೊಂಡ.

ಬಿಡಾರದಲ್ಲಿ ನ್ಯಾಯ ತೀರ್ಮಾನವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಪ್ಪದವನ ಬಾಲ ಗೋಡೆಗೆ ಏರುವಂತಿಲ್ಲ. ಮೊಳೆ ಮಾತ್ರ ಹೊಡೆದಾಗಿದೆ. ಬರಿ ಮೊಳೆ ಬಿಡುವುದು ಅಪಶಕುನ. "ಇವತ್ತು ಈ ಬಿಡಾರದಲ್ಲಿ ಗುರಿ ತಪ್ಪಿದೋನು ಯಾರು?" ಎಂದು ಎಲ್‌ರಾಯ್ ಕೇಳಿ, ತಾನೇ ಕತ್ತರಿ ಎತ್ತಿಕೊಂಡು, "ಮೈರನ್, ತಿರುಗು" ಎಂದ. ಮಿಲ್ವಾಕಿಯಿಂದ ತರಿಸಿದ ಎಂಬತ್ತು ಡಾಲರಿನ ಅಂಗಿ. ಬಟ್ಟೆ ಎಷ್ಟು ನುಣುಪೆಂದರೆ ಕತ್ತರಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

"ಈಗ ಕೂತ್ಕೊಂಡು ತಂಗಿ ಹೊಲಿದ ಅಂಗೀನ ಹೊಲಿದು ಕೊಡು."

ಬಿಡಾರದಲ್ಲಿ ದೊರೆತದ್ದು ಮಾಂಸ ಕಟ್ಟುವ ಸೂಜಿ, ಮೀನು ಹಿಡಿಯುವ ದಾರ. ಟ್ರ್ಯಾಕ್ಟರ್ ಮಾರುವ ಮೈರನ್ ರಾಡ್ಕೆ ಒಲೆಯ ಪಕ್ಕ ಕುಳಿತು, ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಮುಕ್ಕಾಲು ಗಂಟೆ ಹೊಲಿದ. ಬರಿಮೈಯಲ್ಲಿ ಕಂಬಳಿ ಹೊದ್ದು ಪಕ್ಕದಲ್ಲಿ ಕುಳಿತ ವರ್ಲಿನ್ ಈರುಳ್ಳಿ ಹಾಕಿ ಹುರಿದ ಜಿಂಕೆಯ ಲಿವರನ್ನು ತಿನ್ನುತ್ತಿದ್ದ. ನೆಂಟರು ಇಸ್ಪೀಟಿಗೆ ಹೋದ ಮೇಲೆ ಮೈರನ್ ತಲೆಯೆತ್ತದೆ ಕೇಳಿದ:

"ನಿಜಕ್ಕೂ ಒದೆಯಲ್ವಾ ಅದು?"

"ತಳ್ಳುತ್ತೆ."

"ಹೂಂ." ಮೈರನ್ ಬಲಭುಜವನ್ನು ಒಮ್ಮೆ ತಿರುಗಿಸಿ ಮುಖ ಹಿಂಡಿದ. "ಐಯೋನ್ ಹತ್ರ ಇನ್ನೊಂದು ಇದೆಯಾ? ನನಗಲ್ಲ. ಗೊತ್ತಿರೋರೊಬ್ಬರಿಗೆ."

"ಇರಬಹುದು. ಪಟ್ಟಿ ಮ್ಯಾಚ್ ಆಗೋದು ಕಷ್ಟ."

"ಸುಮ್ಮನೆ ತಿನ್ನಯ್ಯಾ."

ಭಾನುವಾರ ಸಂಜೆ ಆರ್ಲಿಸ್ ಅಡುಗೆಮನೆಯ ದೀಪದ ಕೆಳಗೆ ಗಂಡನನ್ನು ತಿರುಗಿಸಿ ನಿಲ್ಲಿಸಿ ಅಂಗಿಯ ಹಿಂಬದಿಯನ್ನು ಪರೀಕ್ಷಿಸಿದಳು. ಬಾಲವಿತ್ತು. ಒಂದು ಪಕ್ಕ ಎರಡು ಬೆರಳು ಮೇಲಕ್ಕೆ ಏರಿತ್ತು, ಚೌಕಳಿಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದವು, ಮೀನಿನ ದಾರದ ಗಂಟು ಮೊಳೆಯಂತೆ ಎದ್ದು ನಿಂತಿತ್ತು. ಅವಳ ಭುಜ ನಗುವಿಗೆ ಕುಲುಕುತ್ತಿತ್ತು.

"ಇದನ್ನ ಹೊಲಿದಿದ್ದು ಯಾರು?"

"ನಿಮ್ಮಣ್ಣ."

ಆಮೇಲೆ ಅವಳಿಗೆ ಕುರ್ಚಿ ಬೇಕಾಯಿತು. ಕಣ್ಣೊರೆಸಿಕೊಂಡು, ಕಥೆಯನ್ನು ಮೊದಲಿನಿಂದ ಎರಡು ಸಲ ಹೇಳಿಸಿಕೊಂಡು, ಕಣ್ಣು ಮುಚ್ಚಿದ ಭಾಗವನ್ನು ಮೂರನೆಯ ಸಲವೂ ಕೇಳಿ, ಕೊನೆಗೆ ಹೊಲಿಗೆಯ ಡಬ್ಬಿ ಎಳೆದುಕೊಂಡಳು.

"ಬಿಚ್ಚಿ ಕೊಡು, ಸರಿಯಾಗಿ ಹೊಲೀತೀನಿ."

"ಮುಟ್ಟಬೇಡ. ಹೀಗೇ ಇರಲಿ."

"ಮುಂದಿನ ವರ್ಷವೂ ಇದನ್ನೇ ಹಾಕ್ಕೊಂಡು ಹೋಗ್ತೀಯಾ?"

"ಮುಂದಿನ ವರ್ಷ ಹೊಸದು ಬೇಕು. ಹಳೇ ಅಂಗಿ ಹಾಕೋ ಹಾಗಿಲ್ಲ. ನನ್ನ ಅಟ್ಟಣೆಗೆ ಒಂದು ಮರ್ಯಾದೆ ಇದೆ."

"ಸರಿ ಮಹಾರಾಯ. ಹಾಗಾದ್ರೆ ಇದಕ್ಕೊಂದು ಅಂಕ ಕೊಟ್ಟುಬಿಡು. ಹತ್ತು ಅಂಗಿ ಹೊಲಿದಿದೀನಿ, ಒಂದಕ್ಕೂ ಕೊಟ್ಟಿಲ್ಲ ನೀನು."

ವರ್ಲಿನ್ ಕತ್ತು ಹಿಂದಕ್ಕೆ ಹೊರಳಿಸಿ, ಕನ್ನಡಿಯಲ್ಲಿ ಬೆನ್ನನ್ನು ನೋಡಿಕೊಂಡು, ಇಪ್ಪತ್ತೆಂಟು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಸಾವಧಾನವಾಗಿ ಹೇಳಿದ: "ತೊಂಬತ್ತೈದು. ಬಾಲ ಒಂಚೂರು ಡೊಂಕು."

ಆರ್ಲಿಸ್ ಕತ್ತರಿ ಎತ್ತಿಕೊಂಡಳು. ವರ್ಲಿನ್ ಎರಡೂ ಕೈಯಿಂದ ಬಾಲವನ್ನು ಹಿಡಿದುಕೊಂಡು, ಎರಡೂ ಕಣ್ಣು ಬಿಟ್ಟುಕೊಂಡು, ಹಿತ್ತಲಿಗೆ ಓಡಿದ.